ಸುದ್ದಿ ತಲುಪಿತು, ಸತ್ಯ ತಲುಪಿತೇ?

2010ರ ಮಾರ್ಚ್ 1ರಂದು ಶಿವಮೊಗ್ಗ ನಗರ ಹೊತ್ತಿ ಉರಿಯಿತು. ಬುರ್ಖಾದ ಕುರಿತು ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಕನ್ನಡ ದಿನಪತ್ರಿಕೆಯೊಂದು ಲೇಖನ ಪ್ರಕಟಿಸಿತ್ತು. ಪ್ರತಿಭಟನೆ ಹಿಂಸೆಗೆ ತಿರುಗಿತು. ಇಬ್ಬರು ಪ್ರಾಣ ತೆತ್ತರು. ಕರ್ನಾಟಕದ ಯಾವ ಪತ್ರಿಕೆಗೂ ತಾನು ಬರೆದೇ ಇಲ್ಲವೆಂದು ಲೇಖಕಿ ಬಳಿಕ ಹೇಳಿದರು. ಪತ್ರಿಕೆಯನ್ನು ಪ್ರಶ್ನಿಸಲೇಬೇಕು. ಆದರೆ ಬೀದಿಗಿಳಿದ ನಮ್ಮವರಲ್ಲಿ ಎಷ್ಟು ಮಂದಿ ಆ ಲೇಖನವನ್ನು ಓದಿದ್ದರು? ಇದನ್ನು ನಾವು ನಮ್ಮನ್ನೇ ಕೇಳಿಕೊಳ್ಳಬೇಡವೇ?

ಒಂದು ಕಾಲದಲ್ಲಿ ಮಾಹಿತಿಯೆಂದರೆ ಮನುಷ್ಯನ ಸಾಕ್ಷ್ಯವಾಗಿತ್ತು. ಹದೀಸ್ ವಿದ್ವಾಂಸರು ಮಾತನ್ನು ಮಾತ್ರವಲ್ಲ, ಅದನ್ನು ತಂದವನ ಪ್ರಾಮಾಣಿಕತೆಯನ್ನೂ ನೆನಪಿನ ಶಕ್ತಿಯನ್ನೂ ತೂಗಿದರು. ಸನದಿನ ಒಂದು ಕೊಂಡಿ ಕಳಚಿದರೂ ವರದಿ ದುರ್ಬಲವೆನಿಸಿತು. ಮುದ್ರಣ ಬಂದ ಮೇಲೆ ನಂಬಿಕೆ ಮನುಷ್ಯನಿಂದ ಕಾಗದಕ್ಕೆ ಸರಿಯಿತು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆ ಪತ್ರಿಕೆಗಳಿಗೂ ಕಾಗದ ಒದಗಿಸಿತು. ‘ಪೇಪರಿನಲ್ಲಿ ಬಂದಿದೆ’ ಎಂಬುದೇ ಪುರಾವೆಯಾಯಿತು. 1948ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಮಾಹಿತಿಯನ್ನು ‘ಬಿಟ್’ಗಳಲ್ಲಿ ಅಳೆಯುವ ಗಣಿತವನ್ನು ಮಂಡಿಸಿದರು. ಸಂದೇಶದ ಅರ್ಥವೇನೆಂಬುದು ಆ ಲೆಕ್ಕಕ್ಕೆ ಬೇಕಿರಲಿಲ್ಲ. ತಂತಿಯಲ್ಲಿ ಸಂದೇಶ ಸಾಗಿಸುವ ಇಂಜಿನಿಯರಿಗೆ ಅದು ಸಾಕು. ಆದರೆ ಮೊಬೈಲ್ ಹಿಡಿದ ನಾವೂ ಸತ್ಯಾಸತ್ಯತೆಯ ಗೊಡವೆಯಿಲ್ಲದೆ ಬಂದುದನ್ನೆಲ್ಲ ಮುಂದಕ್ಕೆ ಸಾಗಿಸುವ ಬರಿಯ ತಂತಿಗಳಾಗಬೇಕೇ?

ಭದ್ರಾವತಿಯ ಕಾಗದದ ಯಂತ್ರಗಳು ನಿಂತು ವರ್ಷಗಳಾದವು. ವದಂತಿಯ ಯಂತ್ರ ಮಾತ್ರ ನಿಂತಿಲ್ಲ. ಅದನ್ನು ತಿರುಗಿಸುತ್ತಿರುವ ಕೈಗಳಲ್ಲಿ ನಮ್ಮ ಕೈಗಳೂ ಇವೆ. ಬಂದ ಸುದ್ದಿಯನ್ನು ಪರಿಶೀಲಿಸುವಂತೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಆಜ್ಞಾಪಿಸಿದೆ. ‘ಇದನ್ನು ಹೇಳಿದವರು ಯಾರು?’ ಎಂದು ಜಗತ್ತಿಗೆ ಕೇಳಲು ಕಲಿಸಿದ ಪರಂಪರೆಯ ವಾರಸುದಾರರೆಂದು ನಾವು ಹೆಮ್ಮೆಪಡುತ್ತೇವೆ. ಆ ಒಂದು ಪ್ರಶ್ನೆಯನ್ನೂ ಕೇಳಲಾರದಿದ್ದರೆ, ಆ ಹೆಮ್ಮೆಗೆ ಅರ್ಥವೇನಿದೆ?