ಗಂಟೆ ಏಕೆ ಮೊಳಗಲಿಲ್ಲ?

ನಮ್ಮ ವಕ್ಕಲೇರಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಉಳಿದಿರುವುದು ಇಲ್ಲಿ ದೊರೆತ ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. 757ರ ಶಾಸನವದು. ಅವನ ತಂದೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ಸಂಗತಿ ಅದರಲ್ಲಿ ಬರುತ್ತದೆ. ನಾನು ವಿಜ್ಞಾನದ ಮೇಷ್ಟರಾದರೂ ಸಮಾಜ ಪಾಠದವರು ರಜೆ ಹಾಕಿದ ದಿನಗಳಲ್ಲಿ ಈ ಕಥೆಯನ್ನು ಮಕ್ಕಳಿಗೆ ಬಹಳ ಅಭಿಮಾನದಿಂದ ಹೇಳುತ್ತಿದ್ದೆ. ಆದರೆ ತಾಮ್ರವನ್ನು ಅಷ್ಟು ಹದವಾಗಿ ತಗಡು ಮಾಡಿದ ಕೈ ಯಾವುದು, ಅಕ್ಷರ ಕೊರೆದ ಉಳಿ ಹೇಗಿತ್ತು ಎಂದು ನಾನೂ ಯೋಚಿಸಲಿಲ್ಲ, ಮಕ್ಕಳಿಗೂ ಯೋಚಿಸಲು ಹೇಳಲಿಲ್ಲ. ಗೆದ್ದವರನ್ನು ನೆನೆಯುವುದು, ಮಾಡಿದವರನ್ನು ಮರೆಯುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಆ ಅಭ್ಯಾಸದಿಂದ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಕೊಂಡು, ಅದರಿಂದ ಮೂಡಿದ ನಾಲ್ಕು ಅನಿಸಿಕೆಗಳನ್ನು ಓದುಗ ಮಿತ್ರರ ಮುಂದಿಡುತ್ತೇನೆ.

1986ರ ಮಾತು. ಆಗ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯಿತು. ಎಂಟನೆಯ ತರಗತಿಯ ಹುಡುಗನೊಬ್ಬ ಒಂದು ಡಾಲ್ಡಾ ಡಬ್ಬವನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದ. ಅವರ ತೋಟಕ್ಕೆ ಕರೆಂಟು ಬರುತ್ತಿದ್ದುದು ರಾತ್ರಿ ಹೊತ್ತು. ಪಂಪು ಹಾಕಿ ಮಲಗಿದ ತಂದೆಗೆ ನಿದ್ದೆ ಹತ್ತಿದರೆ ತೊಟ್ಟಿ ತುಂಬಿ ನೀರೆಲ್ಲ ಹಾದಿಗೆ ಹರಿಯುತ್ತಿತ್ತು. ಅದಕ್ಕೆ ಹುಡುಗ ಒಂದು ಉಪಾಯ ಕಂಡುಕೊಂಡಿದ್ದ. ಸವೆದ ಹವಾಯಿ ಚಪ್ಪಲಿಯ ತುಂಡು ನೀರಿನ ಮೇಲೆ ತೇಲುತ್ತದೆ. ಅದಕ್ಕೆ ಸೈಕಲ್ಲಿನ ಕಡ್ಡಿಯೊಂದನ್ನು ಚುಚ್ಚಿದ್ದ. ನೀರು ಏರಿದಂತೆ ಕಡ್ಡಿಯೂ ಏರಿ ಮೇಲಿರುವ ಎರಡು ಮೊಳೆಗಳನ್ನು ಮುಟ್ಟುತ್ತದೆ. ಮುಟ್ಟಿದೊಡನೆ ಬ್ಯಾಟರಿ ಸೆಲ್ಲಿನ ವಿದ್ಯುತ್ತು ಹರಿದು ಗಂಟೆ ಹೊಡೆಯಬೇಕು. ಆ ಗಂಟೆಯನ್ನೂ ಅವನು ಕೊಂಡಿರಲಿಲ್ಲ. ಸುಟ್ಟ ಮೋಟಾರಿನಿಂದ ಬಿಚ್ಚಿ ಎಸೆದ ತಾಮ್ರದ ತಂತಿಯಲ್ಲಿ ಚೆನ್ನಾಗಿದ್ದ ಭಾಗವನ್ನು ಆರಿಸಿ, ದಪ್ಪ ಮೊಳೆಗೆ ಸುತ್ತಿ, ವಿದ್ಯುತ್ಕಾಂತ ಮಾಡಿಕೊಂಡು, ತಗಡಿನ ಪಟ್ಟಿಯೊಂದು ಡಬ್ಬಕ್ಕೆ ಬಡಿಯುವಂತೆ ಜೋಡಿಸಿದ್ದ.

ಬಕೆಟ್ಟಿಗೆ ನೀರು ಸುರಿದೆವು. ಚಪ್ಪಲಿ ತುಂಡು ತೇಲಿತು, ಕಡ್ಡಿ ಏರಿತು, ಮೊಳೆಗಳನ್ನು ಮುಟ್ಟಿತು. ಗಂಟೆ ಮಾತ್ರ ಮೊಳಗಲಿಲ್ಲ. “ಮನೇಲಿ ಹೊಡೀತಿತ್ತು ಸಾರ್” ಎಂದ ಹುಡುಗ. “ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ” ಎಂದೆ ನಾನು. ಸುತ್ತಲಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ಅವನು ಡಬ್ಬವನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಮೊದಲ ಬಹುಮಾನವನ್ನು ನಾವು ಕೊಟ್ಟದ್ದು ಥರ್ಮೋಕೋಲಿನ ಕೃಷ್ಣರಾಜಸಾಗರಕ್ಕೆ. ನೀಲಿ ಬಣ್ಣದ ನೀರು, ಹಸಿರು ಬಣ್ಣದ ಗದ್ದೆ, ಅಂದವಾದ ಅಕ್ಷರಗಳ ಫಲಕ. ಪೇಟೆಯಲ್ಲಿ ಹಣ ಕೊಟ್ಟು ಮಾಡಿಸಿದ್ದೆಂಬುದು ನಮಗೆಲ್ಲ ಗೊತ್ತಿತ್ತು. ಅದರ ಬಾಗಿಲುಗಳು ಅಲುಗುತ್ತಲೂ ಇರಲಿಲ್ಲ.

ಇದರಲ್ಲಿದ್ದ ವಿಪರ್ಯಾಸ ನನಗೆ ಹೊಳೆಯಲು ವರ್ಷಗಳೇ ಬೇಕಾದವು. ಅದೇ ವರ್ಷದ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಕುರಿತು ಅರ್ಧ ಗಂಟೆ ಭಾಷಣ ಮಾಡಿದ್ದವನು ನಾನು. ಅವರು ಹುಟ್ಟಿದ ಮುದ್ದೇನಹಳ್ಳಿ ಆಗ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು; ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು 2007ರಲ್ಲಿ. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ವರ್ಣಿಸಿದ್ದೆ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಆ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ, ಪ್ರವಾಹ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕಾವಲುಗಾರ ಎಚ್ಚರವಾಗಿರಬೇಕಿಲ್ಲ, ಏರಿದ ನೀರೇ ಕೆಲಸ ಮಾಡುತ್ತದೆ. ಡಾಲ್ಡಾ ಡಬ್ಬದ ಹುಡುಗ ಯೋಚಿಸಿದ್ದೂ ಅದನ್ನೇ ಅಲ್ಲವೇ? ಮಲಗಿದ ತಂದೆಯ ಬದಲು ಏರಿದ ನೀರೇ ಎಚ್ಚರಿಸಲಿ ಎಂದು. ದೊಡ್ಡವರು ಮಾಡಿದ್ದನ್ನು ಕೊಂಡಾಡಲು ಬಲ್ಲ ನನಗೆ, ಅದೇ ಆಲೋಚನೆ ಚಪ್ಪಲಿಯ ತುಂಡಾಗಿ ಕಣ್ಣೆದುರು ತೇಲಿದಾಗ ಗುರುತು ಸಿಗಲಿಲ್ಲ.

ಮನೆಯಲ್ಲಿ ಏನನ್ನಾದರೂ ಮಾಡುವುದೆಂದರೆ ಜಗತ್ತು ಕಾಣದ ಹೊಸ ವಸ್ತುವನ್ನು ಕಂಡುಹಿಡಿಯುವುದು ಎಂದು ನಾವು ತಿಳಿದಿದ್ದೇವೆ. ಅದು ತಪ್ಪು ತಿಳಿವಳಿಕೆ. ನೀರಿನ ಮಟ್ಟ ತಿಳಿಸುವ ಸಾಧನಗಳು ಆ ಹುಡುಗನಿಗಿಂತ ಮೊದಲೂ ಇದ್ದವು. ಆದರೆ ಅವನಿಗೆ ಅದು ಹೊಸದು. ತನ್ನ ಮನೆಯ ತೊಂದರೆಯನ್ನು ತಾನೇ ಕಂಡು, ಕೈಗೆ ಸಿಕ್ಕ ವಸ್ತುವಿನಿಂದ ತಾನೇ ಪರಿಹಾರ ಹುಡುಕಿದನಲ್ಲ, ಮಗುವಿನ ಪಾಲಿಗೆ ಆವಿಷ್ಕಾರವೆಂದರೆ ಅಷ್ಟೇ.

ನಮ್ಮ ಸೀಮೆಯ ಹಿರಿಯರಿಗೆ ಇದು ಬಾಳಿನ ರೀತಿಯೇ ಆಗಿತ್ತು. ನದಿಯ ಆಸರೆಯಿಲ್ಲದ ಕೋಲಾರದವರು ಕೆರೆ ಕಟ್ಟಿದರು, ತೂಬು ಇಟ್ಟರು, ನೀರು ಬಿಡಲು ನೀರುಗಂಟಿಯನ್ನು ನೇಮಿಸಿಕೊಂಡರು. ಬಾವಿಗಳಿಗೆ ಏತ ಹೂಡಿದರು, ಕಪಿಲೆ ಹೊಡೆದರು. ಕಪಿಲೆಯನ್ನು ನೋಡಿದವರು ನೆನಪಿಸಿಕೊಳ್ಳಿ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಿದ್ದಂತೆ ಚರ್ಮದ ಬಾನಿ ಮೇಲೇರುತ್ತದೆ. ದಡಕ್ಕೆ ಬಂದೊಡನೆ, ಕೆಳಗಿನ ಎರಡನೆಯ ಹಗ್ಗದ ಹಿಡಿತದಿಂದಾಗಿ ಬಾನಿಯ ಬಾಲ ಬಾಗಿ ನೀರು ತಾನಾಗಿಯೇ ಕಾಲುವೆಗೆ ಸುರಿಯುತ್ತದೆ. ಬಾನಿಯನ್ನು ಬಗ್ಗಿಸಲು ಇನ್ನೊಬ್ಬ ಆಳು ಬೇಕಿಲ್ಲ. ಆ ಎರಡನೆಯ ಹಗ್ಗವನ್ನು ಮೊದಲು ಕಟ್ಟಿದವನ ಹೆಸರು ಯಾವ ತಾಮ್ರಪಟದಲ್ಲೂ ಇಲ್ಲ. ಹಗ್ಗ ಸವೆದರೆ ರೈತನೇ ಹೊಸೆಯುತ್ತಿದ್ದ, ರಾಟೆ ಸೀಳಿದರೆ ಊರಿನ ಆಚಾರಿ ಸರಿಮಾಡುತ್ತಿದ್ದ, ಬಾನಿ ಹರಿದರೆ ಚರ್ಮದ ಕೆಲಸದವನು ಹೊಲಿಯುತ್ತಿದ್ದ. ಯಂತ್ರದ ಒಂದೊಂದು ಅಂಗವೂ ಕಣ್ಣಿಗೆ ಕಾಣುತ್ತಿತ್ತು.

ಈಗ ಸಾವಿರ ಅಡಿ ದಾಟಿದ ಕೊಳವೆಬಾವಿಯ ತಳದಲ್ಲಿ ಮೋಟಾರು ಕೂತಿರುತ್ತದೆ. ಕೈಯಲ್ಲಿರುವ ಮೊಬೈಲನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಮಗು ಬಿಚ್ಚಿ ನೋಡುವುದಾದರೂ ಏನನ್ನು? ಕೆಟ್ಟರೆ ಎಸೆ, ಹೊಸದು ತಾ ಎಂಬುದೇ ನೀತಿಯಾಗಿದೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಎಂಬ ವಿಷಯವನ್ನು ಕೈಗೆತ್ತಿಕೊಂಡು ಅದಕ್ಕೊಂದು ಜಾಲತಾಣ ತೆರೆದಿದೆ. ಸಂತೋಷವೇ. ಆದರೆ ಹಕ್ಕು ಕಾಗದದಲ್ಲಿದ್ದು, ಸ್ಕ್ರೂ ಬಿಚ್ಚಲು ಮಗುವಿನ ಕೈಗೆ ಬಾರದಿದ್ದರೆ ಆ ಹಕ್ಕಿನಿಂದ ಏನು ಪ್ರಯೋಜನ?

“ಎಲ್ಲ ಕೆಲಸಕ್ಕೂ ಒಂದು ಆ್ಯಪ್ ಇರುವಾಗ ಮನೆಯಲ್ಲಿ ಒದ್ದಾಡುವುದೇಕೆ?” ಎಂದು ನನ್ನ ಮಗನೇ ಕೇಳುತ್ತಾನೆ. ಉತ್ತರವಾಗಿ ನಾನು ಹೇಳುವುದು ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನವರ ಕಥೆ. ಧಾರವಾಡ ಜಿಲ್ಲೆಯ ಈ ರೈತರಿಗೆ ಬಾಲ್ಯದಲ್ಲಿ ಬೆಳಗಿನ ಜಾವ ಎಚ್ಚರವಾಗುತ್ತಿರಲಿಲ್ಲವಂತೆ. ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ನೀರಿನ ಬಾಟಲಿ ಕಟ್ಟಿ, ಅಲಾರಂ ಹೊಡೆದಾಗ ಮುಖದ ಮೇಲೆ ನೀರು ಬೀಳುವಂತೆ ಮಾಡಿಕೊಂಡರು. ಮುಂದೆ ಒಣಭೂಮಿಯಲ್ಲಿ ಹುಣಿಸೆ ಬೆಳೆದು, ಬೀಜ ಬಿಡಿಸುವ ಕಷ್ಟ ನೋಡಿ ಅದಕ್ಕೊಂದು ಯಂತ್ರ ಮಾಡಿದರು. ಬಿತ್ತನೆಗೆ ಕೂರಿಗೆ ಯಂತ್ರ ಮಾಡಿದರು. ನಡುವೆ ಸಾಲದ ಹೊರೆಯನ್ನೂ ಹೊತ್ತರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಮುಖಕ್ಕೆ ನೀರು ಸುರಿದುಕೊಂಡ ಹುಡುಗನನ್ನು ಅಂದೇ ಯಾರಾದರೂ ಗೇಲಿ ಮಾಡಿ ಸುಮ್ಮನಾಗಿಸಿದ್ದರೆ ಆ ಯಂತ್ರಗಳಲ್ಲಿ ಎಷ್ಟು ಹುಟ್ಟುತ್ತಿದ್ದವು? ನನ್ನಂಥ ಮೇಷ್ಟರುಗಳು ಯೋಚಿಸಬೇಕಾದ ಪ್ರಶ್ನೆ ಇದು.

ಸಾಮಗ್ರಿಗೆ ಹಣವಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಿಂದ ಜೋಡಿಸಿ ರೇಖಾಗಣಿತ ಕಲಿಸುವ ಬಗೆಯನ್ನು ದೇಶಕ್ಕೆಲ್ಲ ತೋರಿಸಿಕೊಟ್ಟರು. ನಾನೂ ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಅದನ್ನು ಮಾಡಿಸಿದೆ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ವಾಲಿಬಿಡುತ್ತದೆ. ಚೌಕಕ್ಕೆ ಓರೆಯಾಗಿ ಒಂದು ಕಡ್ಡಿ ಕೊಟ್ಟರೆ ಅದೂ ಗಟ್ಟಿಯಾಗಿ ನಿಲ್ಲುತ್ತದೆ. ಇಷ್ಟು ಮಾಡಿದ ಮೇಲೆ ಒಬ್ಬ ಹುಡುಗಿ ಎದ್ದು, “ಅದಕ್ಕೇನಾ ಸಾರ್ ನಮ್ಮ ಹಿತ್ತಲ ಬಾಗಿಲಿಗೆ ತಾತ ಅಡ್ಡ ಪಟ್ಟಿ ಓರೆಗೆ ಹೊಡೆದಿರೋದು?” ಎಂದು ಕೇಳಿದಳು. ನಾನು ಅಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದ ತ್ರಿಕೋನಗಳಿಂದ ಈ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ.

ಈಗ ಅನುಕೂಲಗಳು ಹೆಚ್ಚಿವೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಸಾವಿರಾರು ಶಾಲೆಗಳಿಗೆ ತಲುಪಿವೆ. 1999ರಲ್ಲಿ ಹುಟ್ಟಿ, ನಮ್ಮ ಗಡಿಯಾಚೆ ಕುಪ್ಪಂ ಬಳಿ ನೆಲೆ ಮಾಡಿಕೊಂಡಿರುವ ಅಗಸ್ತ್ಯ ಸಂಸ್ಥೆಯವರು ವಿಜ್ಞಾನದ ಉಪಕರಣಗಳನ್ನು ವಾಹನದಲ್ಲಿಟ್ಟು ಹಳ್ಳಿ ಶಾಲೆಗಳಿಗೇ ಒಯ್ಯುತ್ತಾರೆ. ಇವೆಲ್ಲವೂ ಒಳ್ಳೆಯವೇ. ಆದರೆ ಪೆಟ್ಟಿಗೆ ತೆರೆದು, ಸೂಚನೆಯ ಪುಸ್ತಕದಂತೆ ಭಾಗಗಳನ್ನು ಜೋಡಿಸಿ, ದೀಪ ಹತ್ತಿತೆಂದು ಚಪ್ಪಾಳೆ ತಟ್ಟಿದರೆ ಮಗು ಕಲಿತದ್ದು ವಿಧೇಯತೆ ಮಾತ್ರ. ದೀಪ ಹತ್ತದೆ ಹೋದ ದಿನವೇ ಪಾಠ ಶುರುವಾಗುವುದು. ಅಂದು ಏನು ಮಾಡಿದೆ, ಏನಾಯಿತು, ಏಕಾಯಿತು ಎಂದು ಬರೆದಿಡುವ ಪುಸ್ತಕಕ್ಕೂ ಅಂಕ ಕೊಡಿ ಎಂಬುದು ನನ್ನ ಮೊದಲ ಸಲಹೆ.

ಎರಡನೆಯದು, ಮನೆಯವರಿಗೆ. ಕೆಟ್ಟ ರೇಡಿಯೋ, ನಿಂತ ಗಡಿಯಾರ, ಮುರಿದ ಆಟಿಕೆಗಳನ್ನು ಗುಜರಿಗೆ ಹಾಕುವ ಮುನ್ನ ಒಂದು ವಾರ ಮಕ್ಕಳ ಕೈಗೆ ಕೊಡಿ. ಆದರೆ ಕೆಲಸವೆಲ್ಲ ಬ್ಯಾಟರಿ ಸೆಲ್ಲಿನಲ್ಲೇ ನಡೆಯಲಿ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ವಿದ್ಯುತ್ತು ಮಕ್ಕಳ ಆಟದ ವಸ್ತುವಲ್ಲ, ಹಳೆಯ ಟಿ.ವಿ.ಯನ್ನಂತೂ ಮುಟ್ಟಲು ಬಿಡಬೇಡಿ. ಧೈರ್ಯದ ಹೆಸರಿನಲ್ಲಿ ಅಜಾಗರೂಕತೆಯನ್ನು ಕಲಿಸಬಾರದು.

ಮೂರನೆಯದು ನಮ್ಮೆಲ್ಲರಿಗೂ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಗಾದೆ ಹೇಳುತ್ತೇವೆ, ಕೈ ಕೆಸರಾದವನನ್ನು ಮಾತ್ರ ದೂರ ಕೂರಿಸುತ್ತೇವೆ. ಓದು ಹತ್ತದವನು ಐ.ಟಿ.ಐ.ಗೆ ಹೋಗಲಿ ಎಂದು ನಾನೇ ಎಷ್ಟೋ ತಂದೆತಾಯಿಗಳಿಗೆ ಹೇಳಿದ್ದೇನೆ. ಆ ಮಾತಿನಲ್ಲಿದ್ದ ತಾತ್ಸಾರಕ್ಕಾಗಿ ಈಗ ನಾಚಿಕೆಯಾಗುತ್ತದೆ. ಯೋಚಿಸುವ ತಲೆ ಬೇರೆ, ದುಡಿಯುವ ಕೈ ಬೇರೆ ಎಂದು ಭಾಗ ಮಾಡಿದ ಸಮಾಜದಲ್ಲಿ ಆವಿಷ್ಕಾರ ಹುಟ್ಟುವುದು ಕಷ್ಟ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. 2009ರಲ್ಲಿ ನಮ್ಮ ಮನೆಯ ಮೋಟಾರು ಸುಟ್ಟಾಗ ಕೋಲಾರದ ಒಂದು ರೀವೈಂಡಿಂಗ್ ಅಂಗಡಿಗೆ ಹೋದೆ. ತಾಮ್ರದ ತಂತಿ ಸುತ್ತುತ್ತಿದ್ದವನು ತಲೆ ಎತ್ತಿ, “ಬನ್ನಿ ಸಾರ್, ಕೂತ್ಕೊಳ್ಳಿ” ಎಂದು ಸ್ಟೂಲನ್ನು ಟವೆಲಿನಿಂದ ಒರೆಸಿದ. ಟವೆಲನ್ನು ನೋಡಿದೊಡನೆ ನನಗೆ ಗುರುತು ಹತ್ತಿತು. ಟೀ ತರಿಸಿದ. ಮಾತಿನ ನಡುವೆ ನಾನೇ ಆ ಪ್ರದರ್ಶನದ ವಿಷಯ ಎತ್ತಿ, “ಅವತ್ತು ನಿನ್ನನ್ನು ನಗೆಗೀಡು ಮಾಡಿಬಿಟ್ಟೆ ಕಣಪ್ಪ” ಎಂದೆ.

“ಅದೇನಿಲ್ಲ ಬಿಡಿ ಸಾರ್. ತೊಟ್ಟಿ ಮೇಲಿಟ್ಟು ಮೊಳೆ ತುಕ್ಕು ಹಿಡಿದಿತ್ತು, ಕರೆಂಟು ಹಾಯಲಿಲ್ಲ. ಮುಂದಿನ ವಾರ ಹಿತ್ತಾಳೆ ಸ್ಕ್ರೂ ಹಾಕಿದೆ. ಆಮೇಲೆ ಆರು ವರ್ಷ ಹೊಡೀತು” ಎಂದ. ಸ್ವಲ್ಪ ಹೊತ್ತು ತಂತಿ ಸುತ್ತಿ, ತಲೆ ಎತ್ತದೆಯೇ ಹೇಳಿದ: “ಯಾಕೆ ಹೊಡೀಲಿಲ್ಲ ಅಂತ ನೀವು ಕೇಳ್ತೀರ ಅಂದ್ಕೊಂಡಿದ್ದೆ ಸಾರ್.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅಂದಿನಿಂದ ಯಾವುದೇ ಶಾಲೆಯವರು ವಸ್ತುಪ್ರದರ್ಶನದ ತೀರ್ಪಿಗೆ ಕರೆದರೆ ಒಂದು ನಿಯಮ ಪಾಲಿಸುತ್ತೇನೆ. ಮಿನುಗುವ ಮಾದರಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಯಾವುದು ಕೆಲಸ ಮಾಡದೆ ನಿಂತಿದೆಯೋ, ಯಾವ ಮಗು ಅದನ್ನು ಮರೆಮಾಡಲು ನೋಡುತ್ತಿದೆಯೋ, ಅಲ್ಲಿ ಕುರ್ಚಿ ಹಾಕಿಕೊಂಡು ಕೂತು, “ಯಾಕೆ ನಡೀಲಿಲ್ಲ, ಹೇಳಮ್ಮ” ಎಂದು ಕೇಳುತ್ತೇನೆ.