ಕೀರ್ತಿ ದೇಶಕ್ಕೆ, ಕೂಲಿ ಯಾರಿಗೆ?

ಡೇವಿಸ್ ಕಪ್ ಟೆನಿಸ್ ಎಂದರೆ ಒಂದು ಕಾಲಕ್ಕೆ ಅಮೆರಿಕಾ–ಆಸ್ಟ್ರೇಲಿಯಾಗಳ ಹಣಾಹಣಿಯೆಂದೇ ಅರ್ಥ. 1938ರಿಂದ 1959ರವರೆಗೆ, ಯುದ್ಧದ ಆರು ವರ್ಷ ಬಿಟ್ಟರೆ, ಅಂತಿಮ ಹೋರಾಟ ನಡೆದದ್ದು ಇವೆರಡರ ನಡುವೆಯೇ. ಆಸ್ಟ್ರೇಲಿಯಾ 9 ಸಲ ಗೆದ್ದಿತು, ಅಮೆರಿಕಾ 7 ಸಲ. 1954ರಲ್ಲಿ ಸಿಡ್ನಿಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಜನ ನೆರೆದಿದ್ದರು. ಟಿಕೆಟ್ಟಿನ ಹಣ ಹೋದದ್ದೆಲ್ಲಿಗೆ? ಟೆನಿಸ್ ಸಂಘಗಳ ತಿಜೋರಿಗೆ. ಬೆವರು ಸುರಿಸಿದವನಿಗೆ ನಿಯಮದ ಪ್ರಕಾರ ಬರಿಯ ಖರ್ಚಿನ ಕಾಸು. ಇದಕ್ಕೆ 'ಹವ್ಯಾಸಿ' ಎಂಬ ಮಡಿವಂತ ಹೆಸರು ಬೇರೆ! ಗುಟ್ಟಾಗಿ ಕೈಗೆ ತುರುಕಿದ್ದೂ ಉಂಟು. ಬಹಿರಂಗವಾಗಿ ಸಂಬಳ ಪಡೆದರೆ ಮಾತ್ರ ಮೈಲಿಗೆ.

ಕೆನ್ ರೋಸ್‌ವಾಲ್ ಸಿಡ್ನಿಯ ದಿನಸಿ ಅಂಗಡಿಯವನ ಮಗ. 1953ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಮೆಲ್ಬರ್ನಿನಲ್ಲಿ ಕೊನೆಯ ನಿರ್ಣಾಯಕ ಆಟ ಗೆದ್ದು ಆಸ್ಟ್ರೇಲಿಯಾಕ್ಕೆ ಕಪ್ ಉಳಿಸಿಕೊಟ್ಟವನು. ಆಸ್ತಿವಂತರ ಮಗ ಪುಕ್ಕಟೆ ಆಡಬಲ್ಲ. ಅಂಗಡಿಯವನ ಮಗ ಉಣ್ಣುವುದೇನನ್ನು? 1956ರ ಕೊನೆಗೆ ಆತ ಹಣಕ್ಕಾಗಿ ಆಡುವ ಕರಾರಿಗೆ ಸಹಿ ಹಾಕಿದ. ಅಷ್ಟಕ್ಕೇ ಡೇವಿಸ್ ಕಪ್ಪಿನ ಬಾಗಿಲು ಮುಚ್ಚಿತು. ಕೂಲಿ ಕೇಳಿದವನಿಗೆ ಗೇಟು ಬಂದ್ ಮಾಡುವ ಪದ್ಧತಿ ನಮ್ಮ ಗಿರಣಿ ಬಂಧುಗಳಿಗೇನೂ ಹೊಸದಲ್ಲ. ಆತನಿಗೆ ಆ ಬಾಗಿಲು ಮತ್ತೆ ತೆರೆದದ್ದು 1973ರಲ್ಲಿ, ವಯಸ್ಸು ಮೂವತ್ತೆಂಟಾದ ಮೇಲೆ.