190 ರೂಪಾಯಿ ಲ್ಯಾಪ್‌ಟಾಪ್

2014ರ ಡಿಸೆಂಬರ್. ಅಮೆಜಾನ್‌ನಾಗ 23,499 ರೂಪಾಯಿ ಲ್ಯಾಪ್‌ಟಾಪ್ ಬರೀ 190ಕ್ಕೆ ಬಂದಿತ್ತು. ಒಡಿಶಾದ ಒಬ್ಬ ಕಾನೂನು ವಿದ್ಯಾರ್ಥಿ ಆರ್ಡರ್ ಹಾಕಿದ, ಕನ್ಫರ್ಮ್ ಅಂತ ಬಂತು. ಸ್ವಲ್ಪ ಹೊತ್ತಿಗೆ ಕ್ಯಾನ್ಸಲ್! ರೇಟ್ ತಪ್ಪಾಗೈತಿ ಅಂದ್ರು. ನಾವಾಗಿದ್ರ ಸ್ಕ್ರೀನ್‌ಶಾಟ್ ಸ್ಟೋರಿಗೆ ಹಾಕಿ, ಬೈದು ಸುಮ್ನಾಗ್ತಿದ್ವಿ. ಆತ ಕೇಸ್ ಹಾಕಿದ. ವರ್ಷಗಟ್ಟಲೆ ನಡೀತು. 2021ರಲ್ಲಿ ಒಡಿಶಾ ರಾಜ್ಯ ಗ್ರಾಹಕ ಆಯೋಗ ಪರಿಹಾರ, ದಂಡ, ಖರ್ಚು ಎಲ್ಲಾ ಸೇರಿಸಿ 45,000 ಕೊಡ್ರಿ ಅಂತು.

ನನ್ನ ಪ್ರಕಾರ ಸರಿಯಾದ ತೀರ್ಪು. ಕಾನೂನಿನಲ್ಲಿ ಅಂಗಡಿಯ ರೇಟ್ ಚೀಟಿ ಬರೀ ‘ಬರ್ರಿ’ ಅನ್ನೋ ಕರೆ. ಆರ್ಡರ್ ಹಾಕೋದು ನಮ್ಮ ಪ್ರಸ್ತಾವ. ಅವರು ಒಪ್ಪಿದ್ರಷ್ಟೇ ಒಪ್ಪಂದ. ಆದ್ರ ಒಪ್ಪಿದ ಮ್ಯಾಲೂ ‘ತಪ್ಪಾತು’ ಅಂದ್ರ, ಆ ಹೊರೆ ಗ್ರಾಹಕನ ತಲೆ ಮ್ಯಾಲ ಯಾಕ? ಅಷ್ಟು ದೊಡ್ಡ ಕಂಪನಿಗೆ ರೇಟ್ ಚೆಕ್ ಮಾಡಾಕ ಜನ ಇಲ್ಲೇನು?

ಹಂಗಂತ ತಪ್ಪು ಬಿದ್ದ ಎಲ್ಲಾ ರೇಟೂ ನಮ್ಮ ಹಕ್ಕು ಅನ್ನೋರನ್ನ ನಾ ಒಪ್ಪಲ್ಲ. ಸಾಲಗುಂದದಾಗ ಭತ್ತ ಮಾರುವಾಗ ನಮ್ಮಪ್ಪನ ಚೀಟಿಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ ಕ್ವಿಂಟಲ್‌ಗೆ 2,300 ಹೋಗಿ 230 ಆದ್ರ, ವ್ಯಾಪಾರಿ ‘ಬರೆದದ್ದೇ ರೇಟ್’ ಅಂದ್ರ ಸುಮ್ನಿರ್ತೀವೇನು? ಇನ್‌ಸ್ಟಾದಾಗ ಸೀರೆ ಮಾರೋ ಅಕ್ಕಗೂ ಅದೇ ನ್ಯಾಯ. 1,200ರ ಸೀರೆಗೆ 120 ಅಂತ ಟೈಪ್ ಆಗಿದ್ರ, ಮೊದಲು ಒಂದು ಮಾತು ಕೇಳ್ರಿ.

ಕಂಪನಿ ರೊಕ್ಕ ತಗೊಂಡು, ಕನ್ಫರ್ಮ್ ಮಾಡಿ, ತಾನೇ ಕ್ಯಾನ್ಸಲ್ ಮಾಡಿದ್ರ ಮಾತ್ರ ಬಿಡಬ್ಯಾಡ್ರಿ. ಆ ಮೆಸೇಜ್ ಇಟ್ಕೊಂಡು 1915ಕ್ಕೆ ಫೋನ್ ಹಚ್ರಿ, ಅದು ಗ್ರಾಹಕರ ಸಹಾಯವಾಣಿ. ಅಲ್ಲಿ ಆಗ್ಲಿಲ್ಲಂದ್ರ ರಾಯಚೂರಿನಾಗ ಜಿಲ್ಲಾ ಗ್ರಾಹಕ ಆಯೋಗ ಐತಿ. 5 ಲಕ್ಷದೊಳಗಿನ ಖರೀದಿಗೆ ದೂರಿನ ಶುಲ್ಕಾನೂ ಇಲ್ಲ.